ಹೆಗಲೊಳಗೆ ಹರಿದದ್ದು

ಅಂಗಿಯ ತೋಳಿಗೆ ಕಿವಿ ಬಂದ ವರ್ಷವೇ ಪ್ರಣತಿಗೆ ಕೆಲಸ ಸಿಕ್ಕಿತು.

ಆ ತೋಳಿನ ಹೆಸರು 'ಆಸರೆ'. ಯಾರದೋ ಅಂಗಿಯಿಂದ ಕತ್ತರಿಸಿ ತೆಗೆದಂಥ ಬೂದು ಬಣ್ಣದ ಒಂಟಿ ತೋಳು. ಕುತ್ತಿಗೆಯ ಬುಡದಿಂದ ಮಣಿಕಟ್ಟಿನವರೆಗೆ ತೊಡುವಂಥದ್ದು. ಅದರೊಳಗೆ ಬೆರಳಗಲದ ಗಾಳಿಚೀಲಗಳು ಸಾಲಾಗಿ ಮಲಗಿದ್ದವು. ಅವು ಒಂದೊಂದೇ ಉಬ್ಬುತ್ತ ಹೋದಂತೆ ತೊಟ್ಟವರ ಕೈ, ನಿದ್ದೆಯಲ್ಲಿ ಯಾರೋ ಎತ್ತಿದ ಹಾಗೆ, ತಾನಾಗಿ ಮೇಲೇಳುತ್ತಿತ್ತು. ನಾಡಿನ ಹೆಗಲುಗಳೆಲ್ಲ ಕೆಟ್ಟು ಕೂತಿದ್ದ ಕಾಲ ಅದು. ಕೆಲವರದು ಒಂದೇ ಕೆಲಸ ಮಾಡಿ ಮಾಡಿ ಸವೆದದ್ದು, ಕೆಲವರದು ಪರದೆಯ ಮುಂದೆ ಗೂನಾಗಿ ಕೂತು ಬಿಗಿದದ್ದು, ಕೆಲವರದು ಸಕ್ಕರೆ ಕಾಯಿಲೆಯ ಹಿಂದೆಯೇ ಬಂದದ್ದು. ಇನ್ನು ಕೆಲವರಿಗೆ ಕೆಟ್ಟದ್ದು ಕುತ್ತಿಗೆಯ ನರವಾದರೂ ನೋಯುತ್ತಿದ್ದುದು ಹೆಗಲು. ಕೈ ಹಿಡಿದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟರು ಮಾತ್ರ ಜಿಲ್ಲೆಗೆ ಇಬ್ಬರೋ ಮೂವರೋ ಉಳಿದಿದ್ದರು. ಹಾಗಾಗಿ ಕೈಯ ಬದಲು ತೋಳು ಬಂತು, ಅಂಚೆಯಲ್ಲಿ, ಮನೆಬಾಗಿಲಿಗೇ.

ಕೈ ಎಷ್ಟು ಮೇಲೆದ್ದಿತು ಎಂಬುದನ್ನು ತೋಳು ಅಳೆಯಬಲ್ಲದು. ಸ್ನಾಯು ಎಷ್ಟು ಬಿಗಿಯಿತು ಎಂಬುದನ್ನೂ ಅಳೆಯಬಲ್ಲದು. ನೋವಿಗೆ ಮಾತ್ರ ಯಾರೂ ಅಳತೆಗೋಲು ಮಾಡಿರಲಿಲ್ಲ. ಅದು ಹೊರಗೆ ಕಾಣುವುದು ನಾಲಿಗೆಯ ಮೇಲಷ್ಟೇ. ಆದ್ದರಿಂದ ತೋಳಿನ ಅಂಚಿಗೆ ಗುಂಡಿಯಷ್ಟು ಚಿಕ್ಕ ಕಿವಿಯೊಂದನ್ನು ಹೊಲಿದರು. ಕೈ ಒಂದೊಂದು ಮೆಟ್ಟಿಲು ಏರಿದಾಗಲೂ ತೋಳು ನಿಂತು "ಈಗ ಹೇಗಿದೆ?" ಎಂದು ಕೇಳುವುದು; ಬಂದ ಉತ್ತರವನ್ನು ಮೂರು ಮೊರಗಳಲ್ಲಿ ಒಂದಕ್ಕೆ ಹಾಕುವುದು. ನಿಲ್ಲು, ಇರು, ಏರು. ಅಷ್ಟೇ ಅದರ ವಿದ್ಯೆ.

ತೋಳಿಗೆ ಅರ್ಥವಾಗದ ಮಾತು ಬಂದರೆ ಅದು, ತೋಳುಗಳನ್ನು ಕಳಿಸುತ್ತಿದ್ದ ಮೈಸೂರಿನ ಕೇಂದ್ರದಲ್ಲಿ ಕೂತ ಪ್ರಣತಿಯ ಕಿವಿಗೆ ಬರುತ್ತಿತ್ತು. ಅವಳು ಕೇಳಿ, ಯೋಚಿಸಿ, ಸರಿಯಾದ ಮೊರಕ್ಕೆ ಹಾಕಬೇಕು. ಒಮ್ಮೆ ಹಾಕಿದರೆ ನಾಡಿನ ಎಲ್ಲ ತೋಳುಗಳಿಗೂ ಆ ಮಾತು ಹಾಗೆಯೇ ಅರ್ಥವಾಗುತ್ತಿತ್ತು. ಅವಳ ಅಜ್ಜಿ ಅಕ್ಕಿ ಆರಿಸುತ್ತ ಕಥೆ ಹೇಳುತ್ತಿದ್ದಳು. ಮೊಮ್ಮಗಳು ಕಥೆಯಂಥ ಮಾತುಗಳನ್ನು ಆರಿಸುವ ಕೆಲಸಕ್ಕೆ ಕೂತಳು. 'ಒಳಗೆ ಇರುವೆ ಸಾಲು ಹೋದಂಗದೆ.' ಇರು. 'ಯಾರೋ ಸೂಜಿದಾರ ಎಳೀತಾವ್ರೆ.' ನಿಲ್ಲು. 'ಗಂಟು ಬಿಚ್ಕಂತು.' ಏರು. ಆ ಮಾತುಗಳಿಗಾಗಿ ಅವಳು ಬೆಳಿಗ್ಗೆ ಬೇಗ ಬರುತ್ತಿದ್ದಳು. ಎಲ್ಲ ತೋಳುಗಳಲ್ಲೂ "ಈಗ ಹೇಗಿದೆ?" ಎನ್ನುವ ದನಿಯೂ ಅವಳದೇ ಆಗಿತ್ತು. ಕೇಂದ್ರದಲ್ಲಿ ಎಲ್ಲರಿಗಿಂತ ಮೆದುವಾದ ದನಿ ಎಂದು ಆರಿಸಿಕೊಂಡಿದ್ದರು.

ಕೇಂದ್ರದಲ್ಲಿ ನಿಜವಾದ ಹೆಗಲನ್ನು ಮುಟ್ಟಿ ಗೊತ್ತಿದ್ದವರು ಅಂಬುಜಾಕ್ಷಿಯವರೊಬ್ಬರೇ. ಮೂವತ್ತು ವರ್ಷ ಫಿಸಿಯೋಥೆರಪಿಸ್ಟ್ ಆಗಿದ್ದ ಹೆಂಗಸು. ಪ್ರಣತಿ ಕೆಲಸಕ್ಕೆ ಸೇರಿದ ದಿನವೇ ಕರೆದು ಕೂರಿಸಿಕೊಂಡರು.

"ಸ್ಕೂಲಲ್ಲಿ ಚಮಚದಲ್ಲಿ ನಿಂಬೆಹಣ್ಣು ಇಟ್ಕೊಂಡು ಓಡಿದ್ದೀಯಾ ಮಗು?"

"ಓಡಿದೀನಿ ಮೇಡಂ. ಬೀಳಿಸಿದೀನಿ."

"ಅದೇ ಹೆಗಲು. ಸೊಂಟದ ಕೀಲಾದ್ರೆ ಬಟ್ಟಲಲ್ಲಿ ಕೂತ ಚೆಂಡು, ಭದ್ರ. ಹೆಗಲು ಚಮಚದ ಮೇಲಿನ ನಿಂಬೆಹಣ್ಣು. ಎಲ್ಲಾ ಕಡೆ ತಿರುಗುತ್ತೆ, ಅದಕ್ಕೇ ಬೇಗ ಕೆಡುತ್ತೆ. ಸುತ್ತ ನಾಲ್ಕು ಸಣ್ಣ ಸ್ನಾಯು ಹಿಡ್ಕೊಂಡಿರ್ತವೆ. ಅವು ಸೋತ್ರೆ ಹಣ್ಣು ಮೇಲಕ್ಕೆ ಜಾರಿ ಮೂಳೆಗೆ ಉಜ್ಜುತ್ತೆ, ಸ್ನಾಯುವಿನ ನಾರು ಸವೆಯುತ್ತೆ. ನಮ್ಮ ಕೆಲಸ ಎರಡೇ. ಬಿಗಿದದ್ದನ್ನ ಸಡಿಲ ಮಾಡೋದು, ಸೋತದ್ದಕ್ಕೆ ಮತ್ತೆ ಕೆಲಸ ಕಲಿಸೋದು. ಎರಡಕ್ಕೂ ಆತುರ ಕೂಡದು."

ಅವರದೊಂದು ಹಟವಿತ್ತು. ಸ್ನಾಯುವಿನ ಅಳತೆ ಏನೇ ಹೇಳಲಿ, ಕಾಯಿಲೆಯವರ ಮಾತನ್ನೇ ತೋಳು ಮೊದಲು ನಂಬಬೇಕು. "ಎಷ್ಟು ಜನ ಹೆಂಗಸರಿಗೆ 'ನಿಮಗೇನೂ ಆಗಿಲ್ಲ, ಸುಮ್ನೆ ಹೇಳ್ತೀರ' ಅಂದು ಕಳಿಸೋದನ್ನ ನೋಡಿದೀನಿ ಗೊತ್ತಾ? ಈ ಯಂತ್ರವಾದ್ರೂ ಅವರ ಮಾತು ನಂಬಲಿ." ಎಲ್ಲರೂ ಒಪ್ಪಿದರು. ಒಪ್ಪತಕ್ಕ ಮಾತೇ ಅದು.

*

ಗದಗಿನ ಪಕ್ಕದ ಬೆಟಗೇರಿಯಲ್ಲಿ ನೀಲಗಂಗವ್ವನ ಖಾನಾವಳಿಗೆ ತೋಳು ಬಂದದ್ದು ಮಧ್ಯಾಹ್ನದ ಊಟದ ಗದ್ದಲದಲ್ಲಿ. ಮಗಳು ಶಿವಲೀಲಾ ಪೊಟ್ಟಣ ಒಡೆದು ಮೇಲಿನ ಹೆಸರು ಓದಿದಳು.

"ಇದಕ್ಕ ಆಸರೆ ಅಂತಾರಂತ ನೋಡಬೇ."

"ಆಸರಾದ್ರ ನೀರು ಕುಡೀಬೇಕು. ತೋಳಿಗೆ ಹಾಕ್ಕೊಂಡ್ರ ಆಸರ ಹೋಗ್ತೈತೇನು?" ಎಂದಳು ನೀಲಗಂಗವ್ವ. ಆ ಕಡೆ ಆಸರ ಎಂದರೆ ಬಾಯಾರಿಕೆ. ಒಲೆಯ ಮುಂದೆ ಕೂತ ಹೆಂಗಸರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕರು.

ಮೂವತ್ತೊಂದು ವರ್ಷ ಅವಳು ಆ ಒಲೆಯ ಮುಂದೆ ಜೋಳದ ರೊಟ್ಟಿ ಬಡಿದಿದ್ದಳು. ಉಣ್ಣಲು ಬಂದವರು ಹೊರಗೆ ಚಪ್ಪಲಿ ಬಿಡುವಾಗಲೇ ಬಡಿತದ ಸದ್ದು ಕೇಳಿ "ಇವತ್ತು ನೀಲಗಂಗವ್ವಾರ ಕೈ" ಎಂದು ಗುರುತು ಹಿಡಿಯುತ್ತಿದ್ದರು. ಹೋದ ವರ್ಷ ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚಿದಾಗ ಬಲ ಹೆಗಲಲ್ಲಿ ಚಳುಕು ಎದ್ದಿತು. ಎಣ್ಣೆ ತಿಕ್ಕಿಸಿಕೊಂಡಳು, ಉಪ್ಪಿನ ಗಂಟಿನಲ್ಲಿ ಕಾಸಿಸಿಕೊಂಡಳು. ಕೊನೆಗೆ, ಅಲ್ಲಾಡಿಸಿದರೆ ತಾನೇ ನೋವು ಎಂದು, ಕೈಯನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡು ಮೂರು ತಿಂಗಳು ಕೂತಳು. ಮೊದಲೇ ಸಕ್ಕರೆ ಕಾಯಿಲೆ. ಸೆರಗು ಬಿಚ್ಚಿದಾಗ ಕೈ ಕಟ್ಟಿದಲ್ಲೇ ಉಳಿದಿತ್ತು. ಬೆನ್ನ ಹಿಂದೆ ಹೋಗದು, ತಲೆಗೆ ಏರದು.

ಪರದೆಯ ಮೇಲೆ ಅಂಬುಜಾಕ್ಷಿಯವರು ಅವಳನ್ನು ನೋಡಿದರು. ಅವಳಿಂದಲೇ ಕೈ ಎತ್ತಿಸಿದರು, ಆಮೇಲೆ ಶಿವಲೀಲಾಳಿಂದ ಎತ್ತಿಸಿದರು.

"ನೀವು ಎತ್ತಿದ್ರೂ ಏಳಲ್ಲ, ಮಗಳು ಎತ್ತಿದ್ರೂ ಏಳಲ್ಲ. ಅಂದ್ರೆ ಕೀಲಿನ ಸುತ್ತ ಇರೋ ಚೀಲ ಕುಗ್ಗಿ ಅಂಟ್ಕೊಂಡಿದೆಯಮ್ಮ. ಕಟ್ಟಿಟ್ಟಿದ್ದೇ ತಪ್ಪಾಯ್ತು. ಬಿಡಿಸಬಹುದು. ಆದ್ರೆ ಹಸಿ ಹಪ್ಪಳ ಬಟ್ಟೆಯಿಂದ ಬಿಡಿಸ್ತೀವಲ್ಲ, ಅಷ್ಟು ನಿಧಾನಕ್ಕೆ."

"ರೊಟ್ಟಿ ಬಡ್ಯಾಕ ಬರ್ತೈತೇನ್ರಿ ಮತ್ತ?" ನೀಲಗಂಗವ್ವ ಕೇಳಿದ್ದು ಅದೊಂದೇ.

"ಬರುತ್ತೆ. ಆರು ತಿಂಗಳು ಕೊಡಿ."

ಆರು ತಿಂಗಳೆಂಬ ಮಾತನ್ನು ಅವಳು ಖಾನಾವಳಿಗೆ ಬಂದವರಿಗೆಲ್ಲ ಹೇಳಿದಳು. ನಡುವಿನ ಒಲೆಯ ಮುಂದೆ ಅವಳ ಮಣೆ ಖಾಲಿಯೇ ಇತ್ತು. ಯಾರೂ ಅದರ ಮೇಲೆ ಕೂರುವಂತಿರಲಿಲ್ಲ. ಅವಳು ಮೂಲೆಯಲ್ಲಿ ಕೂತು ಎಡಗೈಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಬೇರೆಯವರ ಬಡಿತ ಕೇಳುತ್ತಿದ್ದಳು. "ನಡು ತೆಳ್ಳಗಾಗಾಕತ್ತೈತಿ ನೋಡ, ಅಂಚಿಗೆ ಬಾ," ಎಂದು ಕಣ್ಣೆತ್ತದೆ ಹೇಳುತ್ತಿದ್ದಳು. ಹೇಳಿದ್ದು ಸರಿಯಾಗಿರುತ್ತಿತ್ತು.

ದಿನಕ್ಕೆ ಎರಡು ಸಲ ತೋಳು ತೊಡುವುದು. ಮೊದಲು ಬಾಗಿ ನಿಂತು ಕೈಯನ್ನು ತೊಟ್ಟಿಲಿನಂತೆ ತೂಗುವುದು, ಆಮೇಲೆ ಗೋಡೆಯ ಮೇಲೆ ಬೆರಳುಗಳನ್ನು ನಡೆಸುವುದು, ಕೊನೆಗೆ ತೋಳಿಗೆ ಕೈ ಒಪ್ಪಿಸಿ ಕೂರುವುದು. ಬೆರಳು ಮುಟ್ಟಿದಲ್ಲಿ ಶಿವಲೀಲಾ ಗೋಡೆಗೆ ಇದ್ದಿಲಿನ ಗೆರೆ ಎಳೆಯುತ್ತಿದ್ದಳು. ಎರಡು ತಿಂಗಳಿಗೆ ಗೆರೆ ಎದೆಯಿಂದ ಗಲ್ಲಕ್ಕೆ, ಗಲ್ಲದಿಂದ ಕಿವಿಗೆ ಬಂತು.

"ಈಗ ಹೇಗಿದೆ?" ಎನ್ನುತ್ತಿತ್ತು ತೋಳು.

"ಬಿಗಿ ಐತಿ ತಂಗಿ, ತಡಿ ಒಂದೀಟು," ಎನ್ನುತ್ತಿದ್ದಳು ನೀಲಗಂಗವ್ವ. ತೋಳು ತಡೆಯುತ್ತಿತ್ತು. "ಊಂ, ಈಗ ಹೊಂಡು." ಹೊರಡುತ್ತಿತ್ತು.

"ಯಾರ ಕೂಡ ಮಾತಾಡ್ತೀಬೇ, ಅದು ಅರಿಬಿ," ಎಂದು ಶಿವಲೀಲಾ ತೋಳಿನ ಬಟ್ಟೆಯನ್ನು ಜಗ್ಗಿ ತೋರಿಸಿ ನಗುತ್ತಿದ್ದಳು.

"ಅರಿಬಿ ಆದ್ರೇನಾತು? ನೀ ಕೇಳ್ತಿಯೇನು ನನ್ನ, ಹೆಂಗದಿ ಅಂತ ದಿನಾ ಹತ್ತ ಸಲ? ಅದು ಕೇಳ್ತೈತಿ."

*

ಆ ಮಾತು ಪ್ರಣತಿಯ ಕಿವಿಗೆ ಬಂದದ್ದು ಒಂದು ಮಂಗಳವಾರ ಬೆಳಿಗ್ಗೆ.

"ಹೆಗಲ ತುದ್ಯಾಗ ಸಣ್ಣಗ ಹರೀತೈತಿ ನೋಡ ತಂಗಿ."

ಬೆಟಗೇರಿ, ಹೆಂಗಸು, ಅರವತ್ತೆರಡು, ಬಲ ಹೆಗಲು. ಪ್ರಣತಿ ಎರಡನೇ ಸಲ ಕೇಳಿದಳು. ದನಿಯಲ್ಲಿ ನರಳಿಕೆ ಇರಲಿಲ್ಲ. ನೆರೆಮನೆಯವಳಿಗೆ ಸುದ್ದಿ ಹೇಳಿದ ಹಾಗಿತ್ತು. ಹರೀತೈತಿ. ಅವಳ ಕಣ್ಣೆದುರು ಅಜ್ಜಿಯ ಕಥೆಯೊಂದು ಎದ್ದಿತು: ಮುನಿಸಿಕೊಂಡು ಮಣ್ಣೊಳಗೆ ಮಲಗಿದ ನದಿ, ದಂಡೆಯಲ್ಲಿ ಕೂತು ಕರೆದ ಹೆಂಗಸು, ಮರಳಿನಡಿಯಲ್ಲಿ ಮೊದಲು ದಾರದಷ್ಟು ಸಣ್ಣಗೆ ಹರಿದು ಬಂದ ನೀರು. ಎಣ್ಣೆ ನೀವುವಾಗಲೂ ಅಜ್ಜಿ ಹೇಳುತ್ತಿದ್ದಳು, "ರಕ್ತ ಹರೀಲಿ ಕಣೇ, ಹರಿದ್ರೆ ಹಗುರಾಗುತ್ತೆ." ತಿಂಗಳುಗಟ್ಟಲೆ ಕಲ್ಲಾಗಿದ್ದ ಹೆಗಲಿನೊಳಗೆ ಏನೋ ಹರಿಯಲು ಶುರುವಾಗಿದೆ! ಪ್ರಣತಿಗೆ ರೋಮಾಂಚನವಾಯಿತು.

ಅನುಮಾನವಿದ್ದ ಮಾತಿಗೆ ಒತ್ತಲೆಂದು 'ಮರುಪ್ರಶ್ನೆ' ಎಂಬ ಗುಂಡಿಯಿತ್ತು. ಒತ್ತಿದರೆ 'ನೀವು ಹೇಳಿದ್ದು ತಿಳಿಯಲಿಲ್ಲ, ಇನ್ನೊಮ್ಮೆ ಬಿಡಿಸಿ ಹೇಳಿ' ಎಂದು ತೋಳು ಕೇಳುತ್ತಿತ್ತು. ಪ್ರಣತಿಗೆ ಅನುಮಾನವೇ ಇರಲಿಲ್ಲ. ಅವಳ ಊರಿನಲ್ಲಿ ಬಟ್ಟೆ 'ಹರಿದುಹೋಗುತ್ತದೆ'. ಬರಿದೇ 'ಹರಿಯುವುದು' ನೀರು.

ಏರು, ಎಂದು ಹಾಕಿದಳು.

*

"ಒಳ್ಳೆಯದು," ಎಂದಿತು ತೋಳು. ಗಾಳಿಚೀಲಗಳು ಉಬ್ಬಿದವು. ಕೈ ಕಿವಿಯನ್ನು ದಾಟಿತು.

"ಹರೀತೈತಿ ಅಂದ್ನೆಲ್ಲ ತಂಗಿ."

"ಒಳ್ಳೆಯದು."

ನೀಲಗಂಗವ್ವನಿಗೆ ಅಚ್ಚರಿಯಾಯಿತು. ಇಷ್ಟು ದಿನ ಹೇಳಿದ ಮಾತು ಕೇಳುತ್ತಿದ್ದ ಹುಡುಗಿ ಇವತ್ತೇಕೆ ಹೀಗೆ? ದನಿ ಎತ್ತರಿಸಿ ಹೇಳಿದಳು. ಬಯಲುಸೀಮೆಯವರ ಸಾದಾ ಮಾತೂ ಜಗಳದಂತೆ ಕೇಳುತ್ತದೆಂದು, ದನಿಯ ಏರಿಳಿತಕ್ಕೆ ಬೆಲೆ ಕೊಡಬಾರದೆಂದು ಕೇಂದ್ರದಲ್ಲಿ ಎಂದೋ ತೀರ್ಮಾನವಾಗಿತ್ತು. ಸ್ನಾಯು ಕಲ್ಲಿನಂತೆ ಬಿಗಿದದ್ದನ್ನು ತೋಳು ಅಳೆಯಿತು, ಬರೆದಿಟ್ಟಿತು. ಆದರೆ ಮಾತೇ ಮೊದಲು. ಏರಿತು.

ಶಿವಲೀಲಾ ಅಡುಗೆಮನೆಯಿಂದ ಓಡಿ ಬಂದಳು. "ತೆಗದ ಒಗೀಲೇನಬೇ?"

"ಬ್ಯಾಡ. ಡಾಕ್ಟರ್ ಬಾಯಾರ ಕಳಿಸ್ಯಾರ. ಕೇಳಿದ ಮ್ಯಾಲೂ ಒಳ್ಳೇದು ಅನ್ನಾಕತ್ತೈತಿ ಅಂದ್ರ ಹಿಂಗಽ ಆಗಬೇಕೇನೋ. ಬಿಗಿದದ್ದು ಬಿಡೂ ಮುಂದ ಹರೀಲಿಕ್ಕೇ ಬೇಕಲ್ಲ." ಅವಳ ತುಟಿಯ ಮೇಲೆ ಬೆವರು ನಿಂತಿತ್ತು. "ಗೆರಿ ಹಾಕು, ಎಲ್ಲೀತನ ಬಂತು ನೋಡೂಣು."

ಗೆರೆ ತಲೆಗಿಂತ ಮೇಲೆ ಬಂದಿತ್ತು. ಖಾನಾವಳಿಯ ಹೆಂಗಸರು ಬಂದು ನೋಡಿದರು. "ಇನ್ನೇನ್ ಬಿಡವಾ, ಬರೂ ತಿಂಗಳ ನೀ ಕುಂದರ್ತಿ, ನಾವು ಎದ್ದು ಹೋಗೂದು," ಎಂದು ಒಬ್ಬಳು ಚೇಷ್ಟೆ ಮಾಡಿದಳು.

ಹೀಗೆ ಒಂಬತ್ತು ದಿನ. ದಿನಕ್ಕೆರಡು ಸಲ ಅವಳು ಹೇಳಿದಳು, ಹರೀತೈತಿ. ದಿನಕ್ಕೆರಡು ಸಲ ತೋಳು ಮೆಚ್ಚಿಕೊಂಡು ಇನ್ನಷ್ಟು ಎಳೆಯಿತು. ತಾಳಿದರೆ ರೊಟ್ಟಿ ಬಡಿಯುವ ದಿನ ಹತ್ತಿರ ಬರುತ್ತದೆಂದು ಅವಳು ತಾಳಿದಳು. ಹತ್ತನೆಯ ಬೆಳಿಗ್ಗೆ ಹೆಗಲೊಳಗೆ, ಹಸಿ ಟೊಂಗೆ ಮುರಿದಂಥ ಸದ್ದು ಅವಳೊಬ್ಬಳಿಗೇ ಕೇಳಿಸಿತು. ಆಮೇಲೆ ಉರಿಯೂ ಇಲ್ಲ, ಬಿಗಿಯೂ ಇಲ್ಲ. ತೋಳು ಕಳಚಿದಾಗ ಕೈ ಪಕ್ಕಕ್ಕೆ ಬಿದ್ದು ತೂಗಿತು. ಎತ್ತಲು ಹೋದರೆ ಹೆಗಲು ಮಾತ್ರ ಕಿವಿಯತ್ತ ಕುಣಿಯಿತು, ಕೈ ಬರಲಿಲ್ಲ.

*

ಗದಗಿನ ದವಾಖಾನೆಯಿಂದ ಬಂದ ಹೆಗಲಿನ ಸ್ಕ್ಯಾನ್ ಚಿತ್ರವನ್ನು ಅಂಬುಜಾಕ್ಷಿಯವರು ಬಹಳ ಹೊತ್ತು ನೋಡಿದರು. ಆಮೇಲೆ ಒಂಬತ್ತು ದಿನದ ದನಿಗಳನ್ನು ತರಿಸಿ ಒಂದೊಂದಾಗಿ ಕೇಳಿದರು. ಎರಡನೆಯದು ಮುಗಿಯುವ ಮೊದಲೇ ಕಣ್ಣು ಮುಚ್ಚಿಕೊಂಡರು. ಅವರು ಓದಿದ್ದು ಹುಬ್ಬಳ್ಳಿಯಲ್ಲಿ.

"ಹರೀತೈತಿ ಅನ್ನೋದನ್ನ 'ಏರು'ಗೆ ಹಾಕಿದ್ದು ಯಾರು?"

"ನಾನು ಮೇಡಂ," ಎಂದಳು ಪ್ರಣತಿ. ಇನ್ನೂ ಏನೂ ಅರ್ಥವಾಗಿರಲಿಲ್ಲ. "ರಕ್ತ ಹರೀತಿದೆ ಅಂತ..."

"ಹರಿದುಹೋಗ್ತಿದೆ ಅಂದಿದ್ದು ಕಣೇ ಆಯಮ್ಮ. ಬಟ್ಟೆ ಹರಿಯುತ್ತಲ್ಲ, ಹಾಗೆ. ಹದಿನೆಂಟು ಸಲ ಹೇಳಿದಾರೆ."

ಬಾಗಲಕೋಟೆ, ಕೊಪ್ಪಳ, ರೋಣದಿಂದಲೂ ಅದೇ ಮಾತು ಬಂದಿತ್ತು. ಅವರೆಲ್ಲ ಒಂದು ಸಲ ಹೇಳಿ, ಎರಡನೇ ಸಲಕ್ಕೆ ಬೈದು ತೋಳನ್ನು ಕಿತ್ತೊಗೆದಿದ್ದರು. ನಂಬಿ ತಾಳಿಕೊಂಡವಳು ಒಬ್ಬಳೇ.

"ಹೊಲಿಗೆ ಹಾಕಬಹುದಲ್ವಾ ಮೇಡಂ? ಆಪರೇಷನ್ ಮಾಡಿ?"

"ಸಕ್ಕರೆ ಕಾಯಿಲೆಯ ಮೈ, ಮೂವತ್ತು ವರ್ಷ ಸವೆದ ನಾರು. ಹರಿದ ತುದಿ ಒಳಕ್ಕೆ ಸೇದ್ಕೊಂಡಿದೆ. ಜೀರ್ಣವಾದ ಸೀರೆಗೆ ಹೊಲಿಗೆ ಹಾಕಿದ್ರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಹರಿಯುತ್ತೆ, ಅದು ನಿಲ್ಲಲ್ಲ ಅಂತ ಸರ್ಜನ್ ಹೇಳಿದಾರೆ. ಉಳಿದ ಸ್ನಾಯುಗಳಿಗೆ ಕಲಿಸಿದ್ರೆ ಕೈ ಎದೆಮಟ್ಟ ಬರಬಹುದು. ಬಡಿಯೋ ಬಲ ಬರಲ್ಲ."

ತಿದ್ದುಪಡಿಗೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಒಂದು ಮಾತು ಒಂದು ಮೊರದಿಂದ ಇನ್ನೊಂದಕ್ಕೆ ಹೋಯಿತು. ಕೇಂದ್ರದ ವರದಿಯಲ್ಲಿ 'ಬಳಕೆದಾರರ ಉತ್ತರ ಅಸ್ಪಷ್ಟವಾಗಿತ್ತು' ಎಂದು ಬರೆದರು. ಅಂಬುಜಾಕ್ಷಿಯವರು ಆ ಕಾಗದಕ್ಕೆ ರುಜು ಹಾಕಲಿಲ್ಲ.

"ಮಾತೇ ಮೊದಲು ಅಂತ ಹಟ ಹಿಡಿದೋಳು ನಾನು," ಎಂದರು. "ಮಾತು ಕೇಳೋದು ಅಂದ್ರೆ ಕಿವಿಗೆ ಬಿದ್ದರೆ ಸಾಕು ಅಂದ್ಕೊಂಡೆ. ನೀನು ಹೋಗಿ ಆಯಮ್ಮನಿಗೆ ಹೇಳಬೇಕು ಪ್ರಣತಿ. ಬರೀ ಹೇಳೋಕೆ ಹೋಗಬೇಡ. ಮೊಣಕೈ ಕೆಳಗೆ ಹೇಗೆ ಹಿಡೀಬೇಕು, ಎಲ್ಲಿ ನಿಲ್ಲಿಸಬೇಕು, ನನ್ನ ಹತ್ರ ಕಲಿತು ಹೋಗು."

ಮೂರು ವಾರ ಪ್ರಣತಿ ಅಂಬುಜಾಕ್ಷಿಯವರ ಕೈಯನ್ನೇ ಎತ್ತಿ ಇಳಿಸಿ ಕಲಿತಳು. ಮನುಷ್ಯರ ಕೈ ಅಷ್ಟು ತೂಕವಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

*

ಪ್ರಣತಿ ಖಾನಾವಳಿಯ ಬಾಗಿಲಲ್ಲಿ ನಿಂತು "ನೀಲಗಂಗವ್ವ ಅನ್ನೋರು ಇದಾರಾ?" ಎಂದಳು. ಮೂಲೆಯಲ್ಲಿ ಕೂತಿದ್ದ ಹೆಂಗಸು ತಲೆ ಎತ್ತಿದಳು. ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ.

"ತೋಳಿನ್ಯಾಗಿನ ತಂಗಿ ಅಲ್ಲೇನು ನೀ? ದನಿ ಗುರ್ತು ಐತಿ. ಬಾ, ಕುಂದರು."

ಪ್ರಣತಿ ಕೂರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತು ನಿಂತಲ್ಲೇ ಹೇಳಿಬಿಟ್ಟಳು. "ತಪ್ಪು ನನ್ನದು. ನೀವು ಹರೀತಿದೆ ಅಂದಿರಿ. ನಾನು ನೀರು ಹರಿಯುತ್ತಲ್ಲ, ಹಾಗೆ ಅಂದ್ಕೊಂಡೆ."

"ನೀರು?" ಶಿವಲೀಲಾ ಹಿಟ್ಟು ನಾದುವ ಪರಾತವನ್ನು ನೆಲಕ್ಕೆ ಕುಕ್ಕಿದಳು. "ನಮ್ಮವ್ವನ ಹೆಗಲಾಗ ನೀರು ಹರ್ಯಾಕ ಅದೇನು ನಳಾ ಏನ್ರಿ? ಓದಿದವರು ಅಂತೀರಿ!"

"ಸುಮ್ಕಿರು ಶಿವಲೀಲಾ." ನೀಲಗಂಗವ್ವ ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು, ಮಲಗಿದ ಕೂಸನ್ನು ಇಟ್ಟುಕೊಂಡಂತೆ. "ನೀರೂ ಹರೀತೈತಿ, ಅರಿಬಿನೂ ಹರೀತೈತಿ. ನಮ್ಮ ಕಡೇನೂ ಎರಡೂ ಅಂತೀವಿ. ಅದ್ರಾಗ ನಿನ್ನ ತಪ್ಪಿಲ್ಲ. ಆದ್ರ, ಏನು ಹರ್ಯಾಕತ್ತೈತಬೇ ಅಂತ ಒಂದ ಮಾತು ಕೇಳಿದ್ರ ನಾ ಹೇಳತಿದ್ದೆ. ದಿನಾ ಅಷ್ಟ ಸಲ ಹೆಂಗೈತಿ ಹೆಂಗೈತಿ ಅಂತಿದ್ದಿ. ಅದೊಂದು ಕೇಳಾಕ ಆಗಲಿಲ್ಲೇನು ನಿನಗ?"

ಪ್ರಣತಿ ಒತ್ತದೆ ಬಿಟ್ಟ ಗುಂಡಿಯ ವಿಷಯ ನೀಲಗಂಗವ್ವನಿಗೆ ಗೊತ್ತಿರಲಿಲ್ಲ. ಪ್ರಣತಿ ಈಗ ನೆಲದ ಮೇಲೆ ಕೂತಳು.

"ರೊಟ್ಟಿ?" ಎಂದಳು ನೀಲಗಂಗವ್ವ.

"ಕೈ ಎದೆಮಟ್ಟ ಬರಬಹುದು. ಸೀರೆ ಉಟ್ಕೊಳ್ಳೋಕೆ, ಉಣ್ಣೋಕೆ ಆಗುತ್ತೆ. ರೊಟ್ಟಿ ಬಡಿಯೋ ಬಲ... ಬರಲ್ಲ."

ಒಳಗೆ ಎರಡು ಒಲೆಗಳ ಮುಂದೆ ಬಡಿತ ನಡೆದೇ ಇತ್ತು. ನೀಲಗಂಗವ್ವ ಅದನ್ನು ಸ್ವಲ್ಪ ಹೊತ್ತು ಕೇಳಿದಳು. "ನಡುವಿನ ಮಣಿ ಮ್ಯಾಲ ಯಾರರೆ ಕುಂದರ್ರವಾ," ಎಂದು ಒಳಗೆ ಕೂಗಿ ಹೇಳಿದಳು. ಬಡಿತ ನಿಂತಿತು. ಯಾರೂ ಏಳಲಿಲ್ಲ. "ಏಳ್ರಿ ಅಂದೆ. ಒಲಿ ಸುಮ್ನ ಉರ್ಯಾಕತ್ತೈತಿ." ಒಬ್ಬಳು ಎದ್ದು ಹೋಗಿ ಕೂತ ಸದ್ದಾಯಿತು.

ಮರುದಿನದಿಂದ ಪ್ರಣತಿ ವ್ಯಾಯಾಮ ಮಾಡಿಸತೊಡಗಿದಳು. ಮೊಣಕೈಯ ಕೆಳಗೆ ತನ್ನ ಅಂಗೈ ಕೊಟ್ಟು, ಇನ್ನೊಂದು ಕೈಯನ್ನು ಹೆಗಲಿನ ಮೇಲಿಟ್ಟು, ಹಪ್ಪಳ ಬಿಡಿಸಿದಷ್ಟೇ ನಿಧಾನ. ಒಂದು ಮೆಟ್ಟಿಲು ಏರಿಸುವಳು, ನಿಲ್ಲಿಸುವಳು. ಆ ಊರಿನ ನಾಲ್ಕು ಮಾತನ್ನು ಕಷ್ಟಪಟ್ಟು ಕಲಿತಿದ್ದಳು.

"ಎಲ್ಲೆ ತ್ರಾಸ ಆಗ್ತೈತಿ ಹೇಳ್ರಿ ಅವ್ವಾರ. ಹೆಂಗ ಆಗ್ತೈತಿ, ಬಿಡಿಸಿ ಹೇಳ್ರಿ. ನಾ ಕೇಳತೇನಿ."

"ಏನಿಲ್ಲ," ಎಂದಳು ನೀಲಗಂಗವ್ವ.

ಇನ್ನೊಂದು ಮೆಟ್ಟಿಲು.

"ಈಗ?"

"ಏನಿಲ್ಲಬೇ. ಮಾಡ ನೀ."

ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವಿರಲಿಲ್ಲ. ಎಷ್ಟು ದಿನ ಕೇಳಿದರೂ ಅದೇ ಉತ್ತರ. ಇರುವೆ ಸಾಲಿನ ಮಾತಿಲ್ಲ, ಸೂಜಿದಾರದ ಮಾತಿಲ್ಲ, 'ತಡಿ ಒಂದೀಟು' ಎಂಬುದೂ ಇಲ್ಲ. ಹೆಗಲಿನ ಒಳಗೆ ಏನಾಗುತ್ತಿದೆ ಎಂಬುದನ್ನು ಅವಳು ಇನ್ನು ಯಾರಿಗೂ ಹೇಳುವವಳಲ್ಲ ಎಂದು ಪ್ರಣತಿಗೆ ತಿಳಿಯಲು ಒಂದು ವಾರ ಬೇಕಾಯಿತು.

ಆಮೇಲೆ ಪ್ರಣತಿ ಕೇಳುವುದನ್ನು ಬಿಟ್ಟಳು. ಕೈ ಎತ್ತುವಾಗ ಕಣ್ಣನ್ನು ನೆಲದ ಮೇಲೆ, ನೀಲಗಂಗವ್ವನ ಪಾದಗಳ ಮೇಲೆ ಇಟ್ಟಳು. ಎದೆಮಟ್ಟ ಬರುವ ಮೊದಲೇ ಕಾಲುಂಗುರದ ಬೆರಳುಗಳು ಸದ್ದಿಲ್ಲದೆ ಒಳಕ್ಕೆ ಮಡಚಿಕೊಂಡವು.

ಪ್ರಣತಿ ಕೈಯನ್ನು ಕೆಳಗಿಳಿಸಿದಳು.